ಮೊದಲು ಹಿಡಿಯಬೇಕಾದ ಪುಸ್ತಕ ಯಾವುದು?

ಪ್ರಶ್ನೆ: ನಾನು ಹಾಸನದ ನಿವೃತ್ತ ಬ್ಯಾಂಕ್ ಉದ್ಯೋಗಿ. ನಲವತ್ತು ವರ್ಷಗಳಿಂದ ಕಾರಂತ, ಕುವೆಂಪು, ಭೈರಪ್ಪ, ತೇಜಸ್ವಿಯವರನ್ನು ಓದಿಕೊಂಡು ಬಂದಿದ್ದೇನೆ. ಇಂಗ್ಲಿಷ್ ಪುಸ್ತಕ ಓದುವುದೂ ನನಗೆ ಕಷ್ಟವಲ್ಲ. ಮಗನ ಒತ್ತಾಯಕ್ಕೆ 'ಡ್ಯೂನ್' ಕಾದಂಬರಿ ಹಿಡಿದು ಅರವತ್ತು ಪುಟಕ್ಕೆ ಕೈಬಿಟ್ಟೆ. ಎಲ್ಲರೂ ಓದಲೇಬೇಕಾದವು ಎಂಬ ಪಟ್ಟಿಯೊಂದನ್ನು ನಂಬಿ ತರಿಸಿದ ಮೂರು ದಪ್ಪ ಸಂಪುಟಗಳು ಕಪಾಟಿನಲ್ಲಿ ಹಾಗೆಯೇ ಇವೆ. ಫ್ಯಾಂಟಸಿ ಮತ್ತು ವಿಜ್ಞಾನ ಕಾದಂಬರಿಗಳನ್ನು ಓದುವ ವಯಸ್ಸು ನನಗೆ ಮೀರಿತೇ? ಎಲ್ಲಿಂದ, ಯಾವ ಕ್ರಮದಲ್ಲಿ ಆರಂಭಿಸಬೇಕು? ಹದಿಮೂರು ವರ್ಷದ ಮೊಮ್ಮಗಳಿಗೆ ಏನು ಕೊಡಬಹುದು? ಮೊದಲು ಸಿನಿಮಾ ನೋಡಿ ಆಮೇಲೆ ಪುಸ್ತಕ ಓದಿದರೆ ತಪ್ಪೇ?

ಉತ್ತರ: ವಯಸ್ಸು ಮೀರಿಲ್ಲ, ನೀವು ಹಿಡಿದದ್ದು ಮೊದಲಿಗೇ ಹಿಡಿಯುವಂಥ ಪುಸ್ತಕವಲ್ಲ, ಅಷ್ಟೆ. ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುತ್ತ, ಜೊತೆಗೆ ಓದುವ ಬಳಗವೊಂದನ್ನು ನಡೆಸುತ್ತ ಬಂದ ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದೇನೆಂದರೆ, ಯಾರಿಗಾದರೂ ಪುಸ್ತಕ ಸೂಚಿಸುವ ಮೊದಲು ನಿಮಗೆ ಯಾವ ಪುಸ್ತಕ ಇಷ್ಟ ಎಂದು ಕೇಳುವುದಕ್ಕಿಂತ, ಯಾವ ಪುಸ್ತಕವನ್ನು ಎಷ್ಟನೆಯ ಪುಟದಲ್ಲಿ ಬಿಟ್ಟಿರಿ ಎಂದು ಕೇಳುವುದು ಹೆಚ್ಚು ಉಪಯುಕ್ತ. ಇಷ್ಟದ ಪುಸ್ತಕ ಕೇಳಿದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. ಬಿಟ್ಟ ಪುಸ್ತಕದ ವಿಷಯದಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಹತ್ತು ಪುಟಕ್ಕೆ ಬಿಟ್ಟವರಿಗೆ ಲೇಖಕರ ವಾಕ್ಯಗಳೇ ಹಿಡಿಸಿರುವುದಿಲ್ಲ. ಮುನ್ನೂರು ಪುಟ ಓದಿ ಬಿಟ್ಟವರಿಗೆ ಆ ಲೋಕವೆಲ್ಲ ಅರ್ಥವಾಗಿರುತ್ತದೆ, ಅದರೊಳಗಿನ ಮನುಷ್ಯರ ಮೇಲೆ ಅಕ್ಕರೆ ಹುಟ್ಟಿರುವುದಿಲ್ಲ. ಅರವತ್ತು ಪುಟಕ್ಕೆ ಬಿಟ್ಟವರು ಸಾಮಾನ್ಯವಾಗಿ ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿದವರು. ಅದೂ ಸೋಮಾರಿತನದಿಂದಲ್ಲ, ಅತಿಯಾದ ಶ್ರದ್ಧೆಯಿಂದ.

'ಡ್ಯೂನ್' ಹೇಗೆ ಆರಂಭವಾಗುತ್ತದೆ ನೆನಪಿಸಿಕೊಳ್ಳಿ. ಹದಿನೈದು ವರ್ಷದ ಪಾಲ್ ಎಂಬ ಹುಡುಗನನ್ನು ಪರೀಕ್ಷಿಸಲು ಮುದುಕಿಯೊಬ್ಬಳು ಬರುತ್ತಾಳೆ. ನೋವು ಹುಟ್ಟಿಸುವ ಪೆಟ್ಟಿಗೆಯೊಳಗೆ ಅವನ ಕೈ ಇರಿಸಿ, ಕುತ್ತಿಗೆಯ ಬಳಿ ವಿಷದ ಸೂಜಿ ಹಿಡಿದು, ಕೈ ಹಿಂದಕ್ಕೆ ಎಳೆದುಕೊಂಡರೆ ಸಾಯುತ್ತೀಯೆ ಎನ್ನುತ್ತಾಳೆ. ಊರ ಮಾರಿಗುಡಿಯ ಹರಕೆಯ ಕಥೆ ಕೇಳಿದ ಯಾರಿಗಾದರೂ ತಿಳಿಯುವ ದೃಶ್ಯ ಅದು. ಆದರೆ ಅದೇ ಕೆಲವು ಪುಟಗಳಲ್ಲಿ ಬೆನೆ ಜೆಸರಿಟ್, ಗಾಮ್ ಜಬ್ಬಾರ್, ಕ್ವಿಸಾಟ್ಸ್ ಹ್ಯಾಡರಾಕ್, ಅರಾಕಿಸ್ ಎಂಬ ಪದಗಳು ಯಾವ ವಿವರಣೆಯೂ ಇಲ್ಲದೆ ಬಂದು ಬೀಳುತ್ತವೆ, ಪುಸ್ತಕದ ಕೊನೆಯಲ್ಲೊಂದು ಪದಕೋಶವೂ ಇದೆ. ಲೆಕ್ಕಪತ್ರ ತಾಳೆ ನೋಡುವ ವೃತ್ತಿಯಲ್ಲಿದ್ದ ನೀವು ಪ್ರತಿ ಸಲ ಹಿಂದಕ್ಕೆ ಹೋಗಿ ಪದದ ಅರ್ಥ ನೋಡಿ ಮತ್ತೆ ಮುಂದಕ್ಕೆ ಬಂದಿರಬೇಕು ಎಂಬುದು ನನ್ನ ಊಹೆ. ಹಾಗೆ ಓದಿದರೆ ಯಾವ ಕಥೆಯೂ ಉಳಿಯುವುದಿಲ್ಲ. ಅಂದಹಾಗೆ, ಫ್ರಾಂಕ್ ಹರ್ಬರ್ಟ್ ಈ ಹಸ್ತಪ್ರತಿಯನ್ನು ಕಳಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಅದನ್ನು ಹಿಂದಿರುಗಿಸಿದ್ದರು. ಕೊನೆಗೆ 1965ರಲ್ಲಿ ಅದನ್ನು ಅಚ್ಚು ಹಾಕಿಸಿದ್ದು ಮೋಟಾರು ವಾಹನಗಳ ದುರಸ್ತಿ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಸಂಸ್ಥೆ. ಅರವತ್ತನೆಯ ಪುಟದಲ್ಲಿ ಸೋತವರಲ್ಲಿ ನೀವು ಮೊದಲಿಗರೇನಲ್ಲ.

ಇದೇ ನೀವು 'ಮಲೆಗಳಲ್ಲಿ ಮದುಮಗಳು' ಓದಿದಾಗ ಏನು ಮಾಡಿದಿರಿ? ಮೊದಲ ನೂರು ಪುಟಗಳಲ್ಲಿ ಎಷ್ಟೊಂದು ಮನೆಗಳು, ಎಷ್ಟೊಂದು ಹಳ್ಳಿಗಳು, ಯಾರಿಗೆ ಯಾರು ಏನಾಗಬೇಕು ಎಂಬ ನಂಟುಗಳು, ಬಯಲುಸೀಮೆಯವರಿಗೆ ಕೇಳಿಯೇ ಗೊತ್ತಿಲ್ಲದ ಮಲೆನಾಡಿನ ಮಾತುಗಳು! ಹುಲಿಕಲ್ಲು ನೆತ್ತಿ ಭೂಪಟದಲ್ಲಿ ಎಲ್ಲಿದೆ ಎಂದು ಹುಡುಕಿ ನೋಡಿ ಓದು ಮುಂದುವರಿಸಿದವರು ಯಾರೂ ಇರಲಿಕ್ಕಿಲ್ಲ. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಸುಮ್ಮನೆ ನಡೆದಿರಿ. ನಡೆಯುತ್ತ ನಡೆಯುತ್ತ ಊರು ಪರಿಚಯವಾಯಿತು. ಕಲ್ಪಿತ ಲೋಕದ ಕಾದಂಬರಿಗಳಿಗೂ ಬೇಕಾದದ್ದು ಅದೇ ನಡಿಗೆ. ಗೊತ್ತಿಲ್ಲದ ಪದ ಎದುರಾದರೆ ದಾಟಿ ಹೋಗಿ. ಕಥೆಗೆ ನಿಜವಾಗಿ ಬೇಕಾದ ಪದವಾದರೆ ಅದು ಎರಡನೆಯ ಸಲ, ಮೂರನೆಯ ಸಲ ಬಂದು ತಾನೇ ಅರ್ಥ ಹೇಳುತ್ತದೆ, ಬರದಿದ್ದರೆ ಅದು ಬರಿಯ ಅಲಂಕಾರ.

ಎರಡನೆಯ ಅಡ್ಡಿ ಇದಕ್ಕಿಂತ ಸೂಕ್ಷ್ಮವಾದದ್ದು, ಅದು ನಮ್ಮಲ್ಲಿ ಒಳ್ಳೆಯ ಓದುಗರನ್ನೇ ಹೆಚ್ಚು ಕಾಡುತ್ತದೆ. 'ಅವನ ನೆರಳು ಅವನನ್ನು ಬಿಟ್ಟು ಹೊರಟಿತು' ಎಂಬ ವಾಕ್ಯ ನವ್ಯ ಕಥೆಯೊಂದರಲ್ಲಿ ಬಂದರೆ ನಾವು ತಕ್ಷಣ ಒಂಟಿತನ, ಅನಾಥಪ್ರಜ್ಞೆ ಎಂದು ಓದಿಕೊಳ್ಳುತ್ತೇವೆ. ಫ್ಯಾಂಟಸಿ ಕಾದಂಬರಿಯಲ್ಲಿ ನೆರಳು ನಿಜವಾಗಿಯೇ ಹೊರಟಿರುತ್ತದೆ. ಅದು ಯಾವ ದಿಕ್ಕಿಗೆ ಹೋಯಿತು, ಏನು ತಿನ್ನುತ್ತದೆ, ಮರಳಿ ಬಂದರೆ ಬಾಗಿಲು ಹಾಕಿಕೊಳ್ಳಬೇಕೇ ಎಂಬುದು ಮುಂದಿನ ಪ್ರಶ್ನೆ. ಸಂಕೇತ ಬೇಡವೆಂದಲ್ಲ. ಮೊದಲು ಅದು ವಸ್ತುವಾಗಿ ಇರಬೇಕು, ಸಂಕೇತವಾಗುವುದು ಆಮೇಲೆ. 'ಮೂಕಜ್ಜಿಯ ಕನಸುಗಳು' ಓದಿದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ: ವಸ್ತುವೊಂದನ್ನು ಮುಟ್ಟಿದ ಮಾತ್ರಕ್ಕೆ ಅಜ್ಜಿಗೆ ಹಿಂದಿನದೆಲ್ಲ ಕಾಣುತ್ತದೆ ಎಂಬುದನ್ನು ನಾವು ತಕರಾರಿಲ್ಲದೆ ಒಪ್ಪಿ, ಆಮೇಲೆ ಅವಳು ಕಂಡದ್ದರ ಬಗ್ಗೆ ವಾದ ಮಾಡಿದೆವು. ಒಂದು ಅಸಾಧ್ಯವನ್ನು ಬಾಗಿಲಲ್ಲೇ ಒಪ್ಪಿಕೊಂಡು, ಒಳಗೆ ಹೋದಮೇಲೆ ಎಲ್ಲವನ್ನೂ ಕಟ್ಟುನಿಟ್ಟಾಗಿ ವಿಚಾರಿಸುವುದು, ಈ ಪ್ರಕಾರದ ಓದೆಂದರೆ ಇಷ್ಟೇ.

ಈ ಬರವಣಿಗೆ ಹೊರಗಿನವರದು, ಹುಡುಗರದು ಎಂಬ ಅಳುಕು ನಿಮ್ಮ ಪ್ರಶ್ನೆಯ ಹಿಂದೆ ಇದ್ದರೆ ಅದನ್ನೂ ಬಿಡಿ. ನಾವು 'ಕಾದಂಬರಿ' ಎಂಬ ಹೆಸರನ್ನು ತಂದುಕೊಂಡಿರುವುದೇ ಗಿಳಿಯೊಂದು ರಾಜನಿಗೆ ಹೇಳುವ ಕಥೆಯಿಂದ. ಬಾಣಭಟ್ಟನ 'ಕಾದಂಬರಿ'ಯಲ್ಲಿ ಗಿಳಿಯ ಕಥೆಯೊಳಗೆ ಋಷಿಯ ಕಥೆ, ಅದರೊಳಗೆ ಶಾಪದಿಂದ ಮನುಷ್ಯನಾಗಿ ಹುಟ್ಟಿದ ಚಂದ್ರ, ಜನ್ಮದಿಂದ ಜನ್ಮಕ್ಕೆ ಹಿಂಬಾಲಿಸುವ ಪ್ರೀತಿ. ಅದನ್ನು ಹತ್ತನೆಯ ಶತಮಾನದಲ್ಲೇ ನಾಗವರ್ಮ 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದ. ವಾಸ್ತವವಾದಿ ಕಾದಂಬರಿ ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ, ಅದೂ ಫ್ಯಾಂಟಸಿಯೊಂದರ ಹೆಸರು ಇಟ್ಟುಕೊಂಡು.

ಇನ್ನು ಪುಸ್ತಕಗಳು. ಫ್ಯಾಂಟಸಿಯಲ್ಲಿ ನೀವು ಮೊದಲು ಓದಬೇಕಾದದ್ದು ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಸುಮಾರು ಇನ್ನೂರು ಪುಟ, ಒಂದೇ ಮುಖ್ಯ ಪಾತ್ರ, ಕೊನೆಗೆ ಮುಗಿಯುವ ಕಥೆ. ನೂರಾರು ದ್ವೀಪಗಳ ಸಮುದ್ರಲೋಕವೊಂದರಲ್ಲಿ ಮೇಕೆ ಕಾಯುವ ಹುಡುಗನೊಬ್ಬ ಮಂತ್ರವಿದ್ಯೆ ಕಲಿಯಲು ಹೋಗುತ್ತಾನೆ. ಸಹಪಾಠಿಯೊಬ್ಬನ ಮುಂದೆ ತನ್ನ ಹೆಚ್ಚುಗಾರಿಕೆ ತೋರಿಸುವ ಹಟದಲ್ಲಿ ಸತ್ತವಳೊಬ್ಬಳನ್ನು ಕರೆಯುತ್ತಾನೆ. ತೆರೆದ ಆ ಬಿರುಕಿನಿಂದ ಹೆಸರಿಲ್ಲದ ನೆರಳೊಂದು ಹೊರಬಂದು ಅವನ ಬೆನ್ನು ಹತ್ತುತ್ತದೆ. ಇಡೀ ಲೋಕಕ್ಕೆ ಇರುವುದು ಒಂದೇ ಕಟ್ಟಳೆ: ಯಾವುದನ್ನಾದರೂ ಆಳಬೇಕಾದರೆ ಅದರ ನಿಜವಾದ ಹೆಸರು ತಿಳಿದಿರಬೇಕು. ಹಾಗಾಗಿ ಅಲ್ಲಿ ಪ್ರತಿಯೊಬ್ಬರಿಗೂ ಕರೆಯುವ ಹೆಸರೊಂದು, ಬಚ್ಚಿಟ್ಟ ಹೆಸರೊಂದು. ಬಚ್ಚಿಟ್ಟ ಹೆಸರನ್ನು ಹೇಳಿಕೊಡುವುದೆಂದರೆ ಪ್ರಾಣವನ್ನೇ ಇನ್ನೊಬ್ಬರ ಕೈಗೆ ಇಡುವುದು.

ಇದು ನಮಗೆ ತೀರ ವಿಚಿತ್ರವಾಗಿ ಕೇಳಿಸಬೇಕಾಗಿಲ್ಲ. ನಮ್ಮ ಅಜ್ಜಿಯಂದಿರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆಮನೆಯಲ್ಲಿ ಬಾಗಿಲು ತಡೆದು ಒತ್ತಾಯಿಸಿದರೆ ಒಡಪು ಕಟ್ಟಿ, ಅದರ ಮಡಿಕೆಯೊಳಗೆ ಹೆಸರನ್ನು ಇಟ್ಟು ಹೇಳುತ್ತಿದ್ದರು. ಹೆಸರಿಗೆ ಭಾರವಿದೆ ಎಂಬ ನಂಬಿಕೆ ರಕ್ತದಲ್ಲಿರುವ ಓದುಗರಿಗೆ ಈ ಕಾದಂಬರಿ ಬೇಗ ಒಲಿಯುತ್ತದೆ. ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಮಗಳ ಪುಸ್ತಕಗಳಲ್ಲಿ ಮಂತ್ರಕ್ಕಿಂತ ಮೊದಲು ಜನ ಏನು ಉಣ್ಣುತ್ತಾರೆ, ದೋಣಿ ಹೇಗೆ ಕಟ್ಟುತ್ತಾರೆ, ಯಾರು ಯಾರಿಗೆ ತಲೆಬಾಗುತ್ತಾರೆ ಎಂಬುದು ಕಾಣಿಸುವುದು ಆ ಮನೆಯ ಗಾಳಿಯಿಂದ ಇರಬಹುದು. ನಾಯಕ ಗೆಡ್ ಕಂದುಕೆಂಪು ಮೈಬಣ್ಣದವನು, ಆ ಲೋಕದ ಬಹುಪಾಲು ಜನ ಕಂದು ಅಥವಾ ಕಪ್ಪು. ಆದರೂ ಎಷ್ಟೋ ಮುದ್ರಣಗಳ ಮುಖಪುಟದಲ್ಲಿ ಅವನನ್ನು ಬಿಳಿಯನಾಗಿ ಬಿಡಿಸಿದರು, ಲೇಖಕಿ ಅದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ನಿಮ್ಮ ಕೈಗೆ ಬರುವ ಪ್ರತಿಯ ಚಿತ್ರವನ್ನು ನಂಬಬೇಡಿ.

ಇದು ಹಿಡಿಸಿದರೆ ಮುಂದಿನ ಎರಡು ಭಾಗಗಳನ್ನು ಓದಿ. ನಾಲ್ಕನೆಯದಾದ 'ತೆಹಾನು' ಮೂರನೆಯದರ ಹದಿನೆಂಟು ವರ್ಷಗಳ ನಂತರ, 1990ರಲ್ಲಿ ಬಂತು. ಲೇಖಕಿ ತಾನೇ ಕಟ್ಟಿದ ಲೋಕದಲ್ಲಿ ಹೆಂಗಸರಿಗೆ ಎಷ್ಟು ಜಾಗ ಕೊಟ್ಟಿದ್ದೆ ಎಂದು ತಾನೇ ಲೆಕ್ಕ ಕೇಳಿಕೊಳ್ಳುವ ಪುಸ್ತಕ ಅದು, ಮಂತ್ರಶಕ್ತಿ ಕಳೆದುಕೊಂಡ ಗೆಡ್ ಅದರಲ್ಲಿ ಮತ್ತೆ ಮೇಕೆ ಕಾಯುತ್ತಾನೆ. ನಿಮ್ಮ ವಯಸ್ಸಿನವರಿಗೆ ನಾಲ್ಕರಲ್ಲಿ ಅದೇ ಹೆಚ್ಚು ತಟ್ಟಬಹುದು. ಮೊಮ್ಮಗಳಿಗೆ ಈಗಲೇ ಕೊಡಬೇಡಿ. ಬೆಂಕಿಗೆ ನೂಕಲ್ಪಟ್ಟ ಮಗುವೊಂದು ಅದರ ಕೇಂದ್ರದಲ್ಲಿದೆ.

ವಿಜ್ಞಾನ ಕಾದಂಬರಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಒಂದೇ ಹೆಸರು ಹೇಳುವುದು ಕಷ್ಟ, ಏಕೆಂದರೆ ಅಲ್ಲಿ ಓದುಗರ ಹಸಿವು ಬೇರೆ ಬೇರೆ. ನೀವು ತೇಜಸ್ವಿಯವರ ಹೆಸರು ಹೇಳಿದ್ದೀರಿ. 'ಕರ್ವಾಲೊ' ನಿಮಗೆ ಹಿಡಿಸಿದ್ದು ಆ ಹಾರುವ ಓತಿಯ ಬೆನ್ನು ಹತ್ತುವ ಕುತೂಹಲಕ್ಕೆ, ಕೊನೆಗೆ ಅದು ಕೈಗೆ ಸಿಗದೆ ಪ್ರಪಾತದಾಚೆಗೆ ತೇಲಿಹೋದಾಗ ಎದೆಯಲ್ಲಿ ಉಳಿದ ಮೌನಕ್ಕೆ ಎಂದಾದರೆ, ಆರ್ಥರ್ ಸಿ. ಕ್ಲಾರ್ಕ್ 1973ರಲ್ಲಿ ಪ್ರಕಟಿಸಿದ 'ರಾಂಡೆವೂ ವಿತ್ ರಾಮ' ನಿಮ್ಮ ಪುಸ್ತಕ. 2131ನೆಯ ಇಸವಿಯಲ್ಲಿ ಐವತ್ತು ಕಿಲೋಮೀಟರ್ ಉದ್ದದ ಕೊಳವೆಯಾಕಾರದ ವಸ್ತುವೊಂದು ಸೌರಮಂಡಲವನ್ನು ಹಾದುಹೋಗುತ್ತಿದೆ. ಗ್ರೀಕ್ ಮತ್ತು ರೋಮನ್ ದೇವತೆಗಳ ಹೆಸರೆಲ್ಲ ಮುಗಿದುಹೋಗಿ ಖಗೋಳಶಾಸ್ತ್ರಜ್ಞರು ಹಿಂದೂ ದೇವರುಗಳ ಹೆಸರಿಗೆ ಕೈಹಾಕಿರುವುದರಿಂದ ಅದಕ್ಕೆ ರಾಮ ಎಂಬ ಹೆಸರು ಬಿದ್ದಿದೆ. ಮನುಷ್ಯರ ನೌಕೆಯೊಂದು ಅದರ ಮೇಲೆ ಇಳಿಯುತ್ತದೆ, ನೌಕೆಯವರು ಒಳಹೊಕ್ಕು ಕತ್ತಲಲ್ಲಿ ಸಾವಿರಾರು ಮೆಟ್ಟಿಲು ಇಳಿಯುತ್ತಾರೆ. ಒಳಗೆ ಬಯಲು, ಹೆಪ್ಪುಗಟ್ಟಿದ ಸಮುದ್ರ, ಯಾರೂ ಇಲ್ಲದ ಊರುಗಳು. ಕಟ್ಟಿದವರು ಯಾರೆಂಬುದಕ್ಕೆ ಉತ್ತರವಿಲ್ಲ. ಪಾತ್ರಗಳು ಕಾಗದದಷ್ಟು ತೆಳು, ಒಬ್ಬರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ, ಮಂದಣ್ಣನಂಥವನನ್ನು ಅಲ್ಲಿ ಹುಡುಕಬೇಡಿ. ಆದರೆ ಆ ಮೆಟ್ಟಿಲಿಳಿಯುವ ಕತ್ತಲೆ ಮರೆಯುವಂಥದ್ದಲ್ಲ. 1956ರಿಂದ ಸಾಯುವವರೆಗೂ ಸಿಂಹಳದಲ್ಲಿ ನೆಲೆಸಿ, ಸಮುದ್ರದಲ್ಲಿ ಮುಳುಗು ಹಾಕುವ ಹವ್ಯಾಸವಿದ್ದ ಲೇಖಕರಿಗೆ ಗೊತ್ತಿಲ್ಲದ ಆಳಕ್ಕೆ ಇಳಿಯುವುದೆಂದರೆ ಏನೆಂದು ಗೊತ್ತಿತ್ತು. ನಂತರ ಇನ್ನೊಬ್ಬ ಲೇಖಕರ ಜೊತೆಯಲ್ಲಿ ಬಂದ ಮುಂದುವರಿದ ಭಾಗಗಳು ಮೊದಲನೆಯದು ಬಿಟ್ಟ ಮೌನವನ್ನು ಮಾತಿನಿಂದ ತುಂಬಿಸಿಬಿಟ್ಟವು, ಅವನ್ನು ಮುಟ್ಟಬೇಡಿ.

ಭೈರಪ್ಪನವರಲ್ಲಿ ನಿಮ್ಮನ್ನು ಹಿಡಿದದ್ದು ವಾದವೇ ಆಗಿದ್ದರೆ, ಒಂದು ಮೌಲ್ಯವನ್ನು ಅದರ ಕೊನೆಯ ತನಕ ಎಳೆದು ನೋಡುವ ಹಟವಾಗಿದ್ದರೆ, ಮತ್ತೆ ಲೆ ಗ್ವಿನ್ ಅವರ ಕಡೆಗೇ ಕೈತೋರಿಸಬೇಕಾಗುತ್ತದೆ. 1974ರ 'ದಿ ಡಿಸ್ಪೊಸೆಸ್ಡ್' ಕಾದಂಬರಿಯಲ್ಲಿ ಆಸ್ತಿಯೂ ಸರ್ಕಾರವೂ ಇಲ್ಲದ ಬಡ ಲೋಕವೊಂದರ ಭೌತವಿಜ್ಞಾನಿ ಶೆವೆಕ್ ಪಕ್ಕದ ಶ್ರೀಮಂತ ಲೋಕಕ್ಕೆ ಹೋಗುತ್ತಾನೆ. ಅಧ್ಯಾಯಗಳು ಒಂದು ಅಲ್ಲಿ, ಒಂದು ಇಲ್ಲಿ ನಡೆಯುತ್ತವೆ. ಎರಡೂ ಲೋಕಗಳಿಗೆ ಲೇಖಕಿ ಸಮನಾದ ನಿಷ್ಠುರತೆ ತೋರುತ್ತಾರೆ ಎಂಬುದು ಅದರ ದೊಡ್ಡ ಗುಣ. ಅಂದಮೇಲೆ ಭೈರಪ್ಪನವರೇ 2014ರಲ್ಲಿ 'ಯಾನ' ಬರೆದಿದ್ದಾರಲ್ಲ: ದೂರದ ನಕ್ಷತ್ರದತ್ತ ಹೊರಟ ನೌಕೆ, ಭೂಮಿಯನ್ನೇ ಕಾಣದೆ ಅದರೊಳಗೆ ಹುಟ್ಟಿ ಬೆಳೆದ ಮಕ್ಕಳು. ಅದನ್ನು ಓದಿದ್ದರೆ ನೀವು ವಿಜ್ಞಾನ ಕಾದಂಬರಿಯನ್ನು ಆಗಲೇ ಓದಿ ಮುಗಿಸಿದ್ದೀರಿ, ಯಾರೂ ನಿಮಗೆ ಹಾಗೆಂದು ಹೇಳಿರಲಿಲ್ಲ ಅಷ್ಟೆ. ಕನ್ನಡದಲ್ಲಿ ವಿಜ್ಞಾನ ಕಥೆಯನ್ನೇ ತಮ್ಮ ಕ್ಷೇತ್ರ ಮಾಡಿಕೊಂಡು ಬರೆದ ರಾಜಶೇಖರ ಭೂಸನೂರಮಠ ಅವರ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಿ. ಕಂಬಾರರ 'ಶಿಖರಸೂರ್ಯ'ವನ್ನು ಯಾರೂ ಫ್ಯಾಂಟಸಿ ಎಂಬ ಕಪಾಟಿನಲ್ಲಿ ಇಡುವುದಿಲ್ಲ. ಅವರ ಶಿವಾಪುರ ಮಾತ್ರ ಯಾವ ಕಲ್ಪಿತ ರಾಜ್ಯಕ್ಕೂ ಕಡಿಮೆಯಾದದ್ದಲ್ಲ.

ಕಪಾಟಿನ ಹೆಸರುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಆಕ್ಟೇವಿಯಾ ಬಟ್ಲರ್ 1979ರಲ್ಲಿ ಬರೆದ 'ಕಿಂಡ್ರೆಡ್'. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಕಪ್ಪು ಹೆಂಗಸು ಡೇನಾ ಇದ್ದಕ್ಕಿದ್ದಂತೆ ಹತ್ತೊಂಬತ್ತನೆಯ ಶತಮಾನದ ಮೇರಿಲ್ಯಾಂಡಿನ ತೋಟವೊಂದಕ್ಕೆ, ಗುಲಾಮಗಿರಿಯ ಕಾಲಕ್ಕೆ ಎಳೆಯಲ್ಪಡುತ್ತಾಳೆ. ಗುಲಾಮರ ಒಡೆಯನಾಗಿ ಬೆಳೆಯುವ ಬಿಳಿಯ ಹುಡುಗನೊಬ್ಬನನ್ನು ಅವಳು ಮತ್ತೆ ಮತ್ತೆ ಸಾವಿನಿಂದ ಕಾಪಾಡಬೇಕು, ಏಕೆಂದರೆ ಅವನು ಅವಳ ಪೂರ್ವಜ. ಕಾಲಯಂತ್ರವಿಲ್ಲ, ವಿವರಣೆಯಿಲ್ಲ. ಅಂಗಡಿಗಳು ಇದನ್ನು ವಿಜ್ಞಾನ ಕಾದಂಬರಿಯೆಂದು ಮಾರುತ್ತವೆ, ಬಟ್ಲರ್ ಮಾತ್ರ ಇದನ್ನು ಕಠೋರವಾದ ಫ್ಯಾಂಟಸಿ ಎಂದೇ ಕರೆದರು. ಹೊಸ ಪದ ಒಂದೂ ಇಲ್ಲದ, ಹೆಸರುಗಳ ಕಾಡಿಲ್ಲದ ಪುಸ್ತಕ ಬೇಕೆಂದರೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಆದರೆ ಮಲಗುವ ಮುನ್ನ ಓದುವ ಪುಸ್ತಕ ಇದಲ್ಲ.

ಇಂಗ್ಲಿಷ್ ಎರಡನೆಯ ಭಾಷೆಯಾಗಿರುವ ನಮ್ಮಂಥವರಿಗೆ ಉಪಯೋಗಕ್ಕೆ ಬರುವ ಒಂದು ಮಾತು: ಬೇರೆ ಭಾಷೆಗಳಿಂದ ಇಂಗ್ಲಿಷಿಗೆ ಬಂದ ಕಾದಂಬರಿಗಳಲ್ಲಿ ಆಡುಮಾತಿನ ಗಂಟುಗಳು ಕಡಿಮೆ. ಚೀನಾದ ಲ್ಯೂ ತ್ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್' ಅನ್ನು ಕೆನ್ ಲ್ಯೂ 2014ರಲ್ಲಿ ಅನುವಾದಿಸಿದಾಗ, ಚೀನೀ ಪುಸ್ತಕದಲ್ಲಿ ನಡುವೆ ಹುದುಗಿಸಿಟ್ಟಿದ್ದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳನ್ನು ಲೇಖಕರ ಮೂಲ ಉದ್ದೇಶದಂತೆ ಆರಂಭಕ್ಕೆ ತಂದರು. ಮಗಳ ಕಣ್ಣೆದುರೇ ಭೌತಶಾಸ್ತ್ರದ ಪ್ರಾಧ್ಯಾಪಕ ತಂದೆಯನ್ನು ಬಡಿದು ಕೊಲ್ಲುವ ಆ ಮೊದಲ ದೃಶ್ಯ ಓದಿದವರು ಕೈಬಿಡುವುದು ಅಪರೂಪ. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಬರೆದ 'ಸೋಲಾರಿಸ್' ಓದುವುದಾದರೆ ಅನುವಾದಕರ ಹೆಸರು ನೋಡಿ ಕೊಳ್ಳಿ: ಹಳೆಯ ಇಂಗ್ಲಿಷ್ ಪಠ್ಯ ಫ್ರೆಂಚ್ ಅನುವಾದದ ಅನುವಾದ, ಪೋಲಿಷ್‌ನಿಂದ ನೇರವಾಗಿ ಮಾಡಿದ ಬಿಲ್ ಜಾನ್ಸ್ಟನ್ ಅವರ ಅನುವಾದ ಬಂದದ್ದು 2011ರಲ್ಲಿ.

ಕ್ರಮದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಸರಣಿ ಯಾವುದೇ ಇರಲಿ, ಪ್ರಕಟವಾದ ಕ್ರಮದಲ್ಲೇ ಓದಿ. ಕಥೆಯೊಳಗಿನ ಕಾಲಾನುಕ್ರಮದಲ್ಲಿ ಓದಬೇಕೆನ್ನುವವರಿದ್ದಾರೆ; ಅವರು ಇಡೀ ಸರಣಿಯನ್ನು ಒಮ್ಮೆ ಓದಿ ಮುಗಿಸಿದವರು, ಮೊದಲ ಸಲ ಓದುವವರ ಕತ್ತಲೆಯನ್ನು ಮರೆತವರು. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯಲ್ಲಿ 1955ರ 'ದಿ ಮೆಜಿಶಿಯನ್ಸ್ ನೆಫ್ಯೂ' ಪುಸ್ತಕಕ್ಕೆ ಈಗಿನ ಮುದ್ರಣಗಳು ಒಂದನೆಯ ಸಂಖ್ಯೆ ಹಾಕುತ್ತವೆ. ಆದರೆ 1950ರಲ್ಲಿ ಮೊದಲು ಬಂದ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಪುಸ್ತಕದಲ್ಲಿ ಹುಡುಗಿಯೊಬ್ಬಳು ಬಟ್ಟೆಯ ಕಪಾಟಿನೊಳಗಿಂದ ಹಿಮದ ಕಾಡಿಗೆ ಕಾಲಿಟ್ಟು, ನಟ್ಟನಡುವೆ ಉರಿಯುತ್ತಿರುವ ಬೀದಿದೀಪವನ್ನು ಕಂಡು ಬೆರಗಾಗುತ್ತಾಳೆ. ಆ ದೀಪ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲೇ ಓದಿಕೊಂಡವರಿಗೆ ಆ ಬೆರಗು ಎಲ್ಲಿಂದ ಬರಬೇಕು? ಜೂಲ್ಸ್ ವರ್ನ್ ಅವರನ್ನು ಓದುವವರಿಗೂ ಇದೇ ಎಚ್ಚರಿಕೆ. 1870ರ ಜಲಾಂತರ್ಗಾಮಿಯ ಕಾದಂಬರಿ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ' ಅನ್ನು ಮೊದಲು ಓದಿ, ಆಮೇಲೆ 'ದಿ ಮಿಸ್ಟೀರಿಯಸ್ ಐಲೆಂಡ್'; ಎರಡನೆಯದರಲ್ಲಿ ಆ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೊ ಯಾರೆಂಬ ಗುಟ್ಟು ಹೊರಬೀಳುತ್ತದೆ. ಗುಟ್ಟನ್ನು ನಾನೇ ಒಡೆಯುತ್ತಿರುವುದಕ್ಕೆ ಕ್ಷಮಿಸಿ, ಮೈಸೂರಿನ ನಂಟಿರುವುದರಿಂದ ಹೇಳದೆ ಇರಲಾರೆ: ನೆಮೊ ಬುಂದೇಲಖಂಡದ ರಾಜಕುಮಾರ, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು, ಟಿಪ್ಪು ಸುಲ್ತಾನನ ಸೋದರ ಸಂಬಂಧದ ಅಳಿಯ. ಟಿಪ್ಪು ತೀರಿಕೊಂಡದ್ದು 1799ರಲ್ಲಾದ್ದರಿಂದ ವಯಸ್ಸಿನ ಲೆಕ್ಕ ಕೊಂಚ ಎಳೆದಾಡುತ್ತದೆ, ಇರಲಿ.

ಪ್ರಕಟಣೆಯ ಕ್ರಮವೆಂಬ ನನ್ನ ನಿಯಮ ಮುರಿಯುವುದು ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ. ಅದರಲ್ಲಿ 41 ಕಾದಂಬರಿಗಳಿವೆ. ಮೊದಲಿನ ಒಂದೆರಡು ಬೇರೆಯವರ ಫ್ಯಾಂಟಸಿಗಳನ್ನು ಅಣಕಿಸುವಂಥವು, ಅಣಕಕ್ಕೆ ಗುರಿಯಾದವನ್ನು ಓದದವರಿಗೆ ಸಪ್ಪೆ. ನೀವು 1992ರ 'ಸ್ಮಾಲ್ ಗಾಡ್ಸ್' ಪುಸ್ತಕಕ್ಕೆ ನೇರವಾಗಿ ಹೋಗಿ. ದೊಡ್ಡ ಧರ್ಮಪೀಠವೊಂದರ ದೇವರು ಭೂಮಿಗಿಳಿದಾಗ ಆಮೆಯ ದೇಹದಲ್ಲಿ ಸಿಕ್ಕಿಬೀಳುತ್ತಾನೆ, ಏಕೆಂದರೆ ಲಕ್ಷಾಂತರ ಅನುಯಾಯಿಗಳ ನಡುವೆ ಅವನನ್ನು ನಿಜವಾಗಿ ನಂಬುವವನು ಒಬ್ಬನೇ ಉಳಿದಿದ್ದಾನೆ. ಕೂರ್ಮಾವತಾರ ಗೊತ್ತಿದ್ದವರಿಗೂ ವಚನಗಳನ್ನು ಓದಿದವರಿಗೂ ಇದರಲ್ಲಿ ಇಂಗ್ಲಿಷ್ ಓದುಗರಿಗೆ ಸಿಗದ ಒಂದು ನಗೆ ಹೆಚ್ಚಾಗಿಯೇ ಸಿಗುತ್ತದೆ.

ಕಪಾಟಿನಲ್ಲಿರುವ ಮೂರು ದಪ್ಪ ಸಂಪುಟಗಳು ಯಾವುವೆಂದು ನೀವು ಬರೆದಿಲ್ಲ. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಆಗಿದ್ದರೆ, ಅದು ಮೂರು ಕಾದಂಬರಿಗಳಲ್ಲ, ಒಂದೇ ಕಾದಂಬರಿ. ಯುದ್ಧಾನಂತರದ ಕಾಗದದ ಬೆಲೆಗೆ ಹೆದರಿ ಪ್ರಕಾಶಕರು ಅದನ್ನು 1954 ಮತ್ತು 1955ರಲ್ಲಿ ಮೂರು ರಟ್ಟುಗಳ ನಡುವೆ ಹಂಚಿ ತಂದರು. ಹಾಗಾಗಿ ಮೊದಲ ಸಂಪುಟದ ಕೊನೆಯಲ್ಲಿ ಏನೂ ಮುಗಿಯಲಿಲ್ಲವಲ್ಲ ಎಂದು ಬೇಸರಪಡುವುದು ನ್ಯಾಯವಲ್ಲ. ಕಥೆಯ ಕುಳ್ಳ ಜನರಾದ ಹಾಬಿಟ್ಟರ ಚರಿತ್ರೆ ಹೇಳುವ ಪೀಠಿಕೆಯನ್ನು ಧೈರ್ಯವಾಗಿ ಬಿಟ್ಟುಬಿಡಿ, ಬೇಕೆನಿಸಿದರೆ ಕೊನೆಯಲ್ಲಿ ಓದಿಕೊಳ್ಳಬಹುದು. ರಾಬರ್ಟ್ ಜೋರ್ಡಾನ್ ಅವರ 'ವೀಲ್ ಆಫ್ ಟೈಮ್' ಆಗಿದ್ದರೆ ಇನ್ನೂ ಹನ್ನೊಂದು ಸಂಪುಟ ಕೊಳ್ಳಬೇಕು. ಒಟ್ಟು 14, ಅದರ ಮೇಲೆ ಪೂರ್ವಕಥೆಯೊಂದು. ಜೋರ್ಡಾನ್ 2007ರಲ್ಲಿ ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಟಿಪ್ಪಣಿಗಳ ಆಧಾರದಲ್ಲಿ ಬ್ರಾಂಡನ್ ಸ್ಯಾಂಡರ್ಸನ್ ಎಂಬ ಇನ್ನೊಬ್ಬ ಲೇಖಕರು ಕೊನೆಯ ಮೂರನ್ನು ಬರೆದು 2013ರಲ್ಲಿ ಮುಗಿಸಿದರು. ಹೀಗೆ ಬೇರೆಯವರು ಮುಗಿಸುವುದು ನಮಗೆ ಹೊಸದಲ್ಲ: ಬಾಣಭಟ್ಟ ಅರ್ಧಕ್ಕೆ ಬಿಟ್ಟು ಹೋದ 'ಕಾದಂಬರಿ'ಯನ್ನು ಅವನ ಮಗ ಪೂರ್ತಿ ಮಾಡಿದ, ಟೋಲ್ಕಿನ್ ಬಿಟ್ಟುಹೋದ 'ಸಿಲ್ಮರಿಲಿಯನ್' ಅನ್ನು ಅವರ ಮಗ ಜೋಡಿಸಿ ಪ್ರಕಟಿಸಿದರು. ಮುಗಿಯದೆಯೇ ನಿಂತಿರುವುದನ್ನು ಸೂಚಿಸುವವರು ಮಾತ್ರ ಮೊದಲೇ ಹಾಗೆಂದು ಹೇಳಬೇಕು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಐದನೆಯ ಭಾಗ ಬಂದದ್ದು 2011ರಲ್ಲಿ. ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಇದನ್ನು ಮುಚ್ಚಿಟ್ಟು ಮೊದಲ ಭಾಗವನ್ನು ಸ್ನೇಹಿತರ ಕೈಗಿಡುವುದು ಸಾಲ ಕೊಡಿಸಿ ಬಡ್ಡಿಯ ಮಾತು ಎತ್ತದಿರುವ ಹಾಗೆ. ಬ್ಯಾಂಕಿನಲ್ಲಿದ್ದ ನಿಮಗೆ ವಿವರಿಸಬೇಕಾಗಿಲ್ಲ.

ಮೊಮ್ಮಗಳಿಗೆ ಪುಸ್ತಕ ಆರಿಸುವ ಮೊದಲು ನಾನು ಹೇಳಿದ ಪ್ರಶ್ನೆಯನ್ನೇ ಅವಳಿಗೂ ಕೇಳಿ, ಯಾವುದನ್ನು ಬಿಟ್ಟಳು ಎಂದು. ಹುಡುಗಿಯೆಂದು ರಾಜಕುಮಾರಿಯರ ಕಥೆ ಕೊಡಬೇಡಿ, ಹದಿಮೂರೆಂದು ತೀರ ಎಳೆಯದನ್ನೂ ಕೊಡಬೇಡಿ. ನನ್ನ ಸೂಚನೆ ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ 'ಹೌಲ್ಸ್ ಮೂವಿಂಗ್ ಕ್ಯಾಸಲ್', ಅದನ್ನು ನೀವಿಬ್ಬರೂ ಒಟ್ಟಿಗೆ ಓದಬೇಕೆಂಬುದು ಅದರ ಜೊತೆಗಿನ ಸೂಚನೆ. ಮೂವರು ಅಕ್ಕತಂಗಿಯರಲ್ಲಿ ಹಿರಿಯಳಾದ ಸೋಫಿ, ಕಥೆಗಳಲ್ಲಿ ಹಿರಿಯ ಮಗಳಿಗೆ ಒಳ್ಳೆಯದಾಗುವುದೇ ಇಲ್ಲವೆಂದು ನಂಬಿಕೊಂಡು ಟೋಪಿ ಹೊಲಿಯುತ್ತ ಮೂಲೆಯಲ್ಲಿ ಕುಳಿತವಳು. ಮಾಟಗಾತಿಯ ಶಾಪದಿಂದ ಒಂದೇ ಕ್ಷಣದಲ್ಲಿ ಮುದುಕಿಯಾಗುತ್ತಾಳೆ. ಆದಮೇಲೆ ಅಳುತ್ತ ಕೂರುವುದಿಲ್ಲ. ಮುದುಕಿಯರು ಬಾಯಿಗೆ ಬಂದದ್ದನ್ನು ಹೇಳಬಹುದು, ಯಾರೂ ತಡೆಯುವುದಿಲ್ಲ ಎಂಬುದು ಹೊಳೆದು, ಹುಡುಗಿಯಾಗಿದ್ದಾಗ ಇಲ್ಲದ ಧೈರ್ಯ ಅವಳಿಗೆ ಬಂದುಬಿಡುತ್ತದೆ. ಊರೆಲ್ಲ ಹೆದರುವ ಮಾಂತ್ರಿಕನ ನಡೆದಾಡುವ ಕೋಟೆಗೆ ನುಗ್ಗಿ, ಕಸ ಗುಡಿಸಿ, ಒಲೆಯೊಳಗಿನ ಬೆಂಕಿಭೂತದೊಡನೆ ಚೌಕಾಸಿ ಮಾಡಿ, ಮಾಂತ್ರಿಕನನ್ನೇ ಗದರಿಸುತ್ತಾಳೆ. ಹದಿಮೂರರವಳು ನಗುವ ಪುಟಗಳೂ ಅರವತ್ತು ದಾಟಿದವರು ನಗುವ ಪುಟಗಳೂ ಬೇರೆ ಬೇರೆ. ಯಾವ ಪುಟದಲ್ಲಿ ಯಾರು ನಕ್ಕರೆಂದು ಹೋಲಿಸಿ ನೋಡಿ. ಇದಾದ ಮೇಲೆ ಅವಳಿಗೆ ಅರ್ಥ್‌ಸೀಯ ಮೊದಲ ಮೂರು ಭಾಗಗಳನ್ನು ದಾಟಿಸಬಹುದು. ಎರಡನೆಯ ಭಾಗವಾದ 'ದಿ ಟೂಂಬ್ಸ್ ಆಫ್ ಆತುವಾನ್', ಕತ್ತಲೆಯ ದೇವರುಗಳಿಗೆ ಬಾಲ್ಯದಲ್ಲೇ ಒಪ್ಪಿಸಲ್ಪಟ್ಟ ಹುಡುಗಿಯ ಕಥೆ, ಅವಳಿಗೆ ಮೊದಲನೆಯದಕ್ಕಿಂತ ಹೆಚ್ಚು ಹಿಡಿಸಬಹುದು.

ಪ್ರಶಸ್ತಿಗಳನ್ನು ನೋಡಿ ಪುಸ್ತಕ ಆರಿಸುವುದರ ಬಗ್ಗೆ ಒಂದೇ ಮಾತು. ಹ್ಯೂಗೊ ಪ್ರಶಸ್ತಿಗೆ ಮತ ಹಾಕುವವರು ವಿಶ್ವ ವಿಜ್ಞಾನ ಕಾದಂಬರಿ ಸಮ್ಮೇಳನದ ಸದಸ್ಯರು, ನೆಬ್ಯುಲಾಕ್ಕೆ ಮತ ಹಾಕುವವರು ಲೇಖಕರು. ಇಬ್ಬರೂ ಈ ಪ್ರಕಾರದಲ್ಲಿ ಮುಳುಗೆದ್ದವರು, ಹೊಸಬರಿಗೆ ಯಾವುದು ಸುಲಭವೆಂದು ಯೋಚಿಸುವ ಹೊಣೆ ಅವರದಲ್ಲ. ನಿಮ್ಮನ್ನು ಸೋಲಿಸಿದ 'ಡ್ಯೂನ್' ಎರಡನ್ನೂ ಪಡೆದ ಪುಸ್ತಕ.

ಕೊನೆಗೆ ಸಿನಿಮಾ. ಸಾಮಾನ್ಯವಾಗಿ ಪುಸ್ತಕವೇ ಮೊದಲು ಎನ್ನುವವನು ನಾನು, 'ಡ್ಯೂನ್' ವಿಷಯದಲ್ಲಿ ಮಾತ್ರ ತಿರುಗಿಸಿ ಹೇಳುತ್ತೇನೆ. ಹರ್ಬರ್ಟ್ ತಮ್ಮ ಕಥೆಯ ದ್ರೋಹಿ ಯಾರೆಂಬುದನ್ನು ಎರಡನೆಯ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಕರ್ಣಪರ್ವದ ಯಕ್ಷಗಾನ ನೋಡಲು ಕೂತವರಿಗೆ ಕರ್ಣ ಸಾಯುತ್ತಾನೆಂಬುದು ಗೊತ್ತಿರುವ ಹಾಗೆ, ಇಲ್ಲಿಯೂ ಮುಂದೇನು ಎಂಬ ಕುತೂಹಲಕ್ಕಿಂತ ಹೇಗೆ ಎಂಬುದರ ಮೇಲೆ ಕಥೆ ನಿಂತಿದೆ. ಅಂಥ ಕಥೆಯನ್ನು ಮೊದಲೇ ತಿಳಿದುಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ಮುಖ, ಮರಳು, ಉಡುಗೆ, ಹೆಸರುಗಳ ಉಚ್ಚಾರ ಎಲ್ಲವೂ ಕೈಗೆ ಬಂದಿರುತ್ತವೆ. ಅರ್ಥ್‌ಸೀ ಮತ್ತು ರಾಮ ಮುಗಿದ ಮೇಲೆ, 2021ರಲ್ಲಿ ಬಂದ ಡೆನಿ ವಿಲ್ನೋವ್ ಅವರ ಮೊದಲ ಚಿತ್ರವನ್ನು ಮಗನ ಜೊತೆ ಕೂತು ನೋಡಿ. ಅದು ಕಾದಂಬರಿಯ ಪೂರ್ವಾರ್ಧದಷ್ಟೇ ಕಥೆ ಹೇಳುತ್ತದೆ. ಮರುದಿನ ಪುಸ್ತಕವನ್ನು ಒಂದನೆಯ ಪುಟದಿಂದ ಹಿಡಿಯಿರಿ, ಕೊನೆಯ ಪದಕೋಶದ ಹಾಳೆಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಬಿಡಿ, ಚಿತ್ರ ನಿಂತ ಜಾಗ ದಾಟಿ ನೂರು ಪುಟ ಓದಿದ ಮೇಲೆಯೇ ಅದನ್ನು ತೆಗೆಯಿರಿ.